ಸ್ಟರ್ಜನ್ ನುಂಗುವುದೆಷ್ಟು, ಅರಗಿಸಿಕೊಳ್ಳುವುದೆಷ್ಟು

ಮೀನು ಸಾಕುವವರು ಮತ್ತು ಮೀನುಗಾರಿಕೆ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಮೀನು ಸಾಕುವವರು ಮೊದಲು ಕೇಳುವುದು ಇದನ್ನೇ. ದಿನಕ್ಕೆ ಎಷ್ಟು ಪರ್ಸೆಂಟ್ ಫೀಡ್ ಹಾಕಬೇಕು? ಪರ್ಸೆಂಟ್ ಅಂದರೆ ಮೀನಿನ ಮೈತೂಕದ ಲೆಕ್ಕ. ತೊಟ್ಟಿಯಲ್ಲಿ ಒಟ್ಟು 100 ಕಿಲೋ ಮೀನಿದ್ದು ದಿನಕ್ಕೆ 2 ಕಿಲೋ ಹಾಕಿದರೆ ಅದು 2 ಪರ್ಸೆಂಟ್. ಸ್ಟರ್ಜನ್‌ಗೂ ಇಂಥ ಅಂಕಿಗಳಿವೆ. ಇವತ್ತು ಕೆಲವನ್ನು ಹೇಳುತ್ತೇನೆ. ಆದರೆ ಆ ಅಂಕಿ ಎಲ್ಲಿಂದ ಬಂತು, ಯಾವಾಗ ಕೆಲಸಕ್ಕೆ ಬರುವುದಿಲ್ಲ ಅನ್ನುವುದು ಗೊತ್ತಿರಬೇಕು. ಇಲ್ಲದಿದ್ದರೆ ಲಾಭಕ್ಕಿಂತ ನಷ್ಟವೇ ಜಾಸ್ತಿ.

ನನ್ನ ಮಾತಿನ ತಿರುಳು ಇಷ್ಟು. ಸ್ಟರ್ಜನ್ ನುಂಗಬಲ್ಲ ಪ್ರಮಾಣ ಬೇರೆ, ಅದರ ಹೊಟ್ಟೆ ಮತ್ತು ಕರುಳು ನಿಭಾಯಿಸಬಲ್ಲ ಪ್ರಮಾಣ ಬೇರೆ. ಎರಡರ ನಡುವೆ ಒಂದು ಅಂತರ ಇದೆ. ಫೀಡಿನ ಖರ್ಚು, ನೀರಿನ ಸ್ಥಿತಿ, ಮೀನಿನ ಆರೋಗ್ಯ ಎಲ್ಲವೂ ಆ ಅಂತರದಲ್ಲೇ ತೀರ್ಮಾನವಾಗುತ್ತವೆ.

ಮೀನಿನ ಪರಿಚಯ ಚುಟುಕಾಗಿ ಮಾಡುತ್ತೇನೆ. ಸ್ಟರ್ಜನ್ ವಂಶ ಬಹಳ ಹಳೆಯದು, ಸುಮಾರು 20 ಕೋಟಿ ವರ್ಷಗಳ ಹಿಂದಿನದು. ಅಸ್ಥಿಪಂಜರದ ಬಹುಭಾಗ ಮೃದು ಎಲುಬು. ಮೈಮೇಲೆ ಐದು ಸಾಲು ಗಟ್ಟಿ ಫಲಕಗಳು. ಇದರ ಮೊಟ್ಟೆಗೆ ಉಪ್ಪು ಬೆರೆಸಿದ ದುಬಾರಿ ತಿನಿಸೇ ಕ್ಯಾವಿಯಾರ್. ಆ ಮೊಟ್ಟೆಯ ಆಸೆಗೆ, ನದಿಗಳಿಗೆ ಕಟ್ಟಿದ ಅಣೆಕಟ್ಟುಗಳಿಗೆ ಸಿಕ್ಕಿ ಈ ಮೀನು ಎಲ್ಲೆಡೆ ಸೊರಗಿತು. 1998ರಿಂದ ಎಲ್ಲ ಸ್ಟರ್ಜನ್ ಜಾತಿಗಳ ಅಂತರರಾಷ್ಟ್ರೀಯ ವ್ಯಾಪಾರ ಸೈಟಿಸ್ ಒಪ್ಪಂದದ, ಅಂದರೆ ಅಪಾಯದಲ್ಲಿರುವ ಜೀವಿಗಳ ವ್ಯಾಪಾರ ನಿಯಂತ್ರಿಸುವ ಒಪ್ಪಂದದ, ಹಿಡಿತದಲ್ಲಿದೆ. 2022ರಲ್ಲಿ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ ಐಯುಸಿಎನ್ ಮತ್ತೆ ಪರಿಶೀಲಿಸಿದಾಗ, ಉಳಿದಿರುವ ಎಲ್ಲ ಸ್ಟರ್ಜನ್ ಜಾತಿಗಳೂ ಅಳಿವಿನ ಅಪಾಯದಲ್ಲಿವೆ ಅಂತ ಗೊತ್ತಾಯಿತು. ಹಾಗಾಗಿ ಇವತ್ತು ಮಾರುಕಟ್ಟೆಗೆ ನ್ಯಾಯವಾಗಿ ಬರುವ ಕ್ಯಾವಿಯಾರ್ ಹೆಚ್ಚುಕಡಿಮೆ ಎಲ್ಲವೂ ಸಾಕಿದ ಮೀನಿನದು. ಸೈಬೀರಿಯನ್ ಸ್ಟರ್ಜನ್, ರಷ್ಯನ್ ಸ್ಟರ್ಜನ್, ವೈಟ್ ಸ್ಟರ್ಜನ್, ಸ್ಟರ್ಲೆಟ್, ಬೆಲುಗಾ, ಇವುಗಳ ಮಿಶ್ರತಳಿಗಳು, ಹೀಗೆ ಹಲವು ಜಾತಿಗಳನ್ನು ಸಾಕುತ್ತಾರೆ. ಉತ್ಪಾದನೆಯಲ್ಲಿ ಚೀನಾ ಎಲ್ಲರಿಗಿಂತ ಮುಂದಿದೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು. ಸಾಕಿದ ಸೈಬೀರಿಯನ್ ಸ್ಟರ್ಜನ್ ಹೆಣ್ಣು ಮೊದಲ ಬಾರಿ ಮೊಟ್ಟೆ ಕೊಡಲು ಆರೇಳು ವರ್ಷ ಹಿಡಿಯುತ್ತದೆ. ಬೆಲುಗಾಗೆ 10 ವರ್ಷವೂ ಸಾಲದು. ಬೇರೆ ಎಷ್ಟೋ ಮೀನುಗಳಲ್ಲಿ ಆಹಾರದ ಲೆಕ್ಕ ತಪ್ಪಿದರೆ ಒಂದು ಹಂಗಾಮಿನ ನಷ್ಟ. ಇಲ್ಲಿ ಹಾಗಲ್ಲ. ಮೀನಿನ ಜೊತೆ ಆ ತಪ್ಪನ್ನೂ ವರ್ಷಗಟ್ಟಲೆ ಸಾಕಬೇಕಾಗುತ್ತದೆ.

ಈಗ ಅದು ತಿನ್ನುವ ರೀತಿ ನೋಡೋಣ. ಟ್ರೌಟ್ ಸಾಕಿದವರಿಗೆ ಗೊತ್ತು, ಫೀಡ್ ನೀರಿಗೆ ಬಿದ್ದ ಕೂಡಲೇ ಮೀನು ಮೇಲೆ ನುಗ್ಗಿ ಬರುತ್ತದೆ. ನೀರು ಕುದಿಯುವ ಹಾಗೆ ಕಾಣುತ್ತದೆ. ಹಸಿವು ಇದೆಯೋ ಇಲ್ಲವೋ ಕಣ್ಣಿಗೇ ಗೊತ್ತಾಗುತ್ತದೆ. ಸ್ಟರ್ಜನ್ ಹಾಗೆ ತೋರಿಸಿಕೊಳ್ಳುವುದಿಲ್ಲ. ಅದು ತಳದಲ್ಲಿ ಸುಮ್ನೆ ಸುತ್ತುತ್ತಾ ಇರುತ್ತದೆ. ಕಣ್ಣು ಚಿಕ್ಕದು, ಆಹಾರ ಹುಡುಕಲು ಹೆಚ್ಚು ಪ್ರಯೋಜನವಿಲ್ಲ. ಮೂತಿಯ ಕೆಳಗೆ ನಾಲ್ಕು ಮೀಸೆಗಳಿವೆ. ಅವುಗಳ ಮೇಲೆ ರುಚಿ ಮೊಗ್ಗುಗಳಿವೆ. ಮೂತಿಯ ಅಡಿಭಾಗದಲ್ಲಿ ಸಣ್ಣ ವಿದ್ಯುತ್ ಕಂಪನ ಹಿಡಿಯುವ ಗುಳಿಗಳೂ ಇವೆ, ಕೆಸರಿನಲ್ಲಿ ಅಡಗಿದ ಹುಳ ಪತ್ತೆ ಮಾಡಲು.

ಗಾಜಿನ ತೊಟ್ಟಿಯ ಪಕ್ಕ ಕೂತು ಒಂದೇ ಒಂದು ಪೆಲೆಟ್, ಅಂದರೆ ಫೀಡಿನ ಗುಳಿಗೆ, ಅದರ ಮೇಲೆ ಕಣ್ಣಿಟ್ಟು ನೋಡಿ. ಪೆಲೆಟ್ ತಳಕ್ಕೆ ಬಿತ್ತು. ಒಂದು ಮೀನು ಅದರ ಮೇಲೆಯೇ ಹಾದು ಹೋಯಿತು, ಗಮನಿಸಲಿಲ್ಲ. ಇನ್ನೊಂದು ಬಂತು. ಮೀಸೆ ಪೆಲೆಟ್ಟಿಗೆ ತಾಗಿತು. ಮೀನು ಇನ್ನೂ ಒಂದಿಷ್ಟು ಮುಂದೆ ಹೋಯಿತು, ಅಷ್ಟರಲ್ಲಿ ಬಾಯಿ ಪೆಲೆಟ್ಟಿನ ಮೇಲೆ ಬಂತು. ಬಾಯಿ ಕೊಳವೆಯಂತೆ ಕೆಳಗೆ ಇಳಿದು ಚಕ್ಕನೆ ಹೀರಿಕೊಂಡಿತು. ಒಂದು ಕ್ಷಣ ಕಿವಿರು ಮುಚ್ಚಳ ಆಡಿತು. ಆಮೇಲೆ ಪೆಲೆಟ್ ಆಚೆ ಬಂದುಬಿಟ್ಟಿತು! ಮತ್ತೆ ಹೀರಿತು, ಈ ಬಾರಿ ಒಳಗೆ ಉಳಿಯಿತು. ಸ್ಟರ್ಜನ್ ಬಾಯಲ್ಲಿ ಹಾಕಿಕೊಂಡು ರುಚಿ ನೋಡಿ ಆಮೇಲೆ ತೀರ್ಮಾನ ಮಾಡುವ ಮೀನು. ಬೆಳೆದ ಮೀನಿಗೆ ಹಲ್ಲಿಲ್ಲ, ಹಾಗಾಗಿ ಅಗಿಯುವ ಮಾತೂ ಇಲ್ಲ.

ಇಷ್ಟೆಲ್ಲ ನಡೆಯುವ ಹೊತ್ತಿಗೆ ಪೆಲೆಟ್ ನೀರಿನಲ್ಲಿ ನೆನೆಯುತ್ತಾ ಇರುತ್ತದೆ. ನೀರಿನಲ್ಲಿ ಕರಗುವ ವಿಟಮಿನ್, ಅಮೈನೋ ಆಮ್ಲಗಳು ಸೋರಿಹೋಗುತ್ತವೆ. ಒಂದೇ ಸಲ ಕೊಡಗಟ್ಟಲೆ ಸುರಿದರೆ ಅರ್ಧ ಪೆಲೆಟ್ ಮೀನಿಗೆ ಸಿಗುವ ಮೊದಲೇ ಸಪ್ಪೆಯಾಗಿರುತ್ತದೆ. ಆಹಾರದ ದರ ಅಂತ ನಾವು ಬರೆದುಕೊಳ್ಳುವುದು ನೀರಿಗೆ ಹಾಕಿದ್ದನ್ನು. ಮೀನಿನ ಹೊಟ್ಟೆಗೆ ಹೋದದ್ದು ಬೇರೆ ಲೆಕ್ಕ. ಪುಸ್ತಕದಲ್ಲಿ 3 ಪರ್ಸೆಂಟ್ ಅಂತ ಇದ್ದು ಹೊಟ್ಟೆಗೆ 2 ಪರ್ಸೆಂಟ್ ಹೋಗುತ್ತಿರುವ ತೊಟ್ಟಿಗಳು ಇರುತ್ತವೆ.

ಹೊಟ್ಟೆಯೊಳಗೆ ಏನಿದೆ? ಸ್ಟರ್ಜನ್ ಕತ್ತರಿಸಿ ನೋಡಿದವರು ಆ ಕರುಳನ್ನು ಮರೆಯುವುದಿಲ್ಲ. ಜಠರದಲ್ಲಿ ಎರಡು ಭಾಗ. ಮೊದಲ ಭಾಗದ ಗೋಡೆಯಲ್ಲಿ ಗ್ರಂಥಿಗಳಿವೆ, ಆಮ್ಲವೂ ಪೆಪ್ಸಿನ್ ಕಿಣ್ವವೂ ಅಲ್ಲಿ ಬರುತ್ತವೆ. ಎರಡನೇ ಭಾಗ ದಪ್ಪ ಸ್ನಾಯುವಿನದು, ಕೈಯಲ್ಲಿ ಹಿಡಿದರೆ ಗಟ್ಟಿಯಾಗಿ ಸಿಗುತ್ತದೆ. ಹಲ್ಲಿಲ್ಲದ ಮೀನಿಗೆ ಅರೆಯುವ ಕೆಲಸ ಮಾಡಿಕೊಡುವುದು ಇದೇ. ಅದರ ಪಕ್ಕದಲ್ಲಿ ಒಂದಕ್ಕೊಂದು ಅಂಟಿಕೊಂಡ ಸಣ್ಣ ಚೀಲಗಳ ಗಡ್ಡೆ. ಅಲ್ಲಿಂದ ಮುಂದೆ ಕರುಳು. ಟ್ರಿಪ್ಸಿನ್, ಕೈಮೊಟ್ರಿಪ್ಸಿನ್, ಲೈಪೇಸ್, ಅಮೈಲೇಸ್ ಎಂಬ ಕಿಣ್ವಗಳು ಕೆಲಸ ಮಾಡುವುದು ಈ ಭಾಗದಲ್ಲಿ. ಕೊನೆಯಲ್ಲಿ ಬರುವುದು ಸುರುಳಿ ಕರುಳು. ಉದ್ದಕ್ಕೆ ಸೀಳಿ ತೆರೆದರೆ ಒಳಗೆ ತಿರುಗು ಮೆಟ್ಟಿಲಿನ ಹಾಗೆ ಒಂದು ಪದರ ಸುತ್ತಿಕೊಂಡು ಇಳಿದಿರುತ್ತದೆ. ಶಾರ್ಕ್‌ಗಳಲ್ಲೂ ಇದು ಇದೆ, ಇವತ್ತಿನ ಬಹುತೇಕ ಮೂಳೆ ಮೀನುಗಳಲ್ಲಿ ಇಲ್ಲ.

ಈ ಸುರುಳಿಯಿಂದ ಏನು ಲಾಭ? ಕರುಳು ಚಿಕ್ಕದಿದ್ದರೂ ಆಹಾರ ಸುತ್ತಿ ಸುತ್ತಿ ಇಳಿಯಬೇಕು. ಗೋಡೆಗೆ ತಾಗುವ ಜಾಗ ಜಾಸ್ತಿ, ಒಳಗೆ ಇರುವ ಹೊತ್ತೂ ಜಾಸ್ತಿ. ಅಂದರೆ ಈ ಕರುಳು ನಿಧಾನದ ಕೆಲಸಕ್ಕೆ ಹೇಳಿ ಮಾಡಿಸಿದ್ದು. ನದಿ ತಳದಲ್ಲಿ ಹುಳ, ಮರಿಹುಳ, ಸಣ್ಣ ಸಿಗಡಿಯಂಥ ಜೀವಿ, ಮೃದ್ವಂಗಿ ಇವನ್ನು ಹಗಲೂ ರಾತ್ರಿ ಒಂದೊಂದಾಗಿ ಹೆಕ್ಕುತ್ತಾ ಹೋಗುವ ಮೀನಿನ ಕರುಳು ಇದು. ಹೊಟ್ಟೆಗೆ ಸ್ವಲ್ಪ ಬೀಳುತ್ತದೆ, ಸ್ವಲ್ಪ ಮುಂದೆ ಹೋಗುತ್ತದೆ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಹೊಟ್ಟೆ ಬಿರಿಯ ತಿನ್ನುವ ಪದ್ಧತಿ ಅದಕ್ಕೆ ಗೊತ್ತಿಲ್ಲ. ಆ ಪದ್ಧತಿ ನಮ್ಮ ಕೆಲಸದ ವೇಳೆಗೆ ಹೊಂದುತ್ತದೆ ಅಷ್ಟೇ.

ಈಗ ದರಕ್ಕೆ ಬರೋಣ. ಆಹಾರ ಏರಿಸುತ್ತಾ ಹೋದರೆ ಬೆಳವಣಿಗೆ ಹೇಗೆ ಬದಲಾಗುತ್ತದೆ? ಒಂದು ಗೆರೆ ಎಳೆಯಿರಿ. ಎಡ ತುದಿಯಲ್ಲಿ ಆಹಾರ ಸೊನ್ನೆ, ಮೀನು ತೂಕ ಕಳೆದುಕೊಳ್ಳುತ್ತದೆ. ಸ್ವಲ್ಪ ಕೊಟ್ಟಾಗ ತೂಕ ಇಳಿಯುವುದೂ ಇಲ್ಲ, ಏರುವುದೂ ಇಲ್ಲ. ಉಸಿರಾಟ, ಈಜು, ಮೈ ದುರಸ್ತಿಗೆ ಎಷ್ಟು ಬೇಕೋ ಅಷ್ಟು ಮಾತ್ರ ಅದು. ಅಲ್ಲಿಂದ ಮೇಲೆ ಕೊಟ್ಟದ್ದು ಬೆಳವಣಿಗೆಗೆ ಹೋಗುತ್ತದೆ. ಗೆರೆ ಮೊದಲು ಕಡಿದಾಗಿ ಏರುತ್ತದೆ. ಆಮೇಲೆ ಬಾಗುತ್ತದೆ. ಕೊನೆಗೆ ಚಪ್ಪಟೆಯಾಗುತ್ತದೆ, ಎಷ್ಟು ಹಾಕಿದರೂ ಬೆಳವಣಿಗೆ ಅಷ್ಟೇ. ಅತಿ ಕಡಿಮೆ ಫೀಡಿನಲ್ಲಿ ಒಂದು ಕಿಲೋ ತೂಕ ಬರುವ ಜಾಗ ಗೆರೆ ಬಾಗಲು ಶುರುವಾಗುವಲ್ಲಿ ಇದೆ. ಅತಿ ವೇಗದ ಬೆಳವಣಿಗೆ ಅದಕ್ಕಿಂತ ಬಲಕ್ಕೆ ಇದೆ. ಈ ಎರಡು ಬಿಂದುಗಳು ಒಂದೇ ಅಲ್ಲ. ಇದನ್ನು ಮರೆತರೆ ಉಳಿದ ಲೆಕ್ಕವೆಲ್ಲ ತಪ್ಪುತ್ತದೆ.

ಅಂಕಿ ಇಟ್ಟು ನೋಡೋಣ. ಇದು ಅರ್ಥವಾಗಲಿ ಅಂತ ನಾನು ಹಿಡಿದ ಲೆಕ್ಕ, ಪ್ರಯೋಗದ ಫಲಿತಾಂಶ ಅಲ್ಲ. 100 ಗ್ರಾಂನ 1000 ಮೀನು, ಒಟ್ಟು 100 ಕಿಲೋ. ದಿನಕ್ಕೆ 2 ಕಿಲೋ ಫೀಡ್. ಫೀಡ್ ಪರಿವರ್ತನೆ 1.25 ಅಂತ ಇಟ್ಟುಕೊಳ್ಳಿ, ಅಂದರೆ 1.25 ಕಿಲೋ ಫೀಡಿಗೆ 1 ಕಿಲೋ ತೂಕ. ದಿನಕ್ಕೆ 1.6 ಕಿಲೋ ಮೀನು ಬೆಳೆಯಿತು. ಈಗ ದುರಾಸೆಯಿಂದ 3 ಕಿಲೋ ಹಾಕಿದಿರಿ. ಬೆಳವಣಿಗೆ 1.8 ಕಿಲೋಗೆ ಏರಿತು ಅನ್ನಿ. ಹೆಚ್ಚಿಗೆ ಹಾಕಿದ ಒಂದು ಕಿಲೋ ಫೀಡ್ ತಂದುಕೊಟ್ಟದ್ದು ಬರೀ 200 ಗ್ರಾಂ. ಅದರಲ್ಲೂ ಎಷ್ಟು ಮಾಂಸ, ಎಷ್ಟು ಕೊಬ್ಬು ಅನ್ನುವುದನ್ನು ಇನ್ನೂ ನೋಡಿಲ್ಲ.

ನಿಜವಾದ ಪ್ರಯೋಗಗಳಿಗೆ ಬಂದರೆ, ಈ ವಿಷಯದಲ್ಲಿ ಅತಿ ಹೆಚ್ಚು ಕೆಲಸ ನಡೆದ ಜಾಗಗಳಲ್ಲಿ ಒಂದು ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್. ಸೋವಿಯತ್ ಒಕ್ಕೂಟದಿಂದ ಅಲ್ಲಿಗೆ ಹೋದ ಸರ್ಜ್ ಡೊರೊಶೊವ್ ವೈಟ್ ಸ್ಟರ್ಜನ್ ಸಾಕಣೆಗೆ ಅಡಿಪಾಯ ಹಾಕಿದರು. ಸೈಲಸ್ ಹಂಗ್ ಮತ್ತು ಸಂಗಡಿಗರು 1980ರ ದಶಕದಿಂದ ಅದರ ಆಹಾರದ ಬಗ್ಗೆ ಸಾಲು ಸಾಲಾಗಿ ಪ್ರಯೋಗ ಮಾಡಿದರು. 20 ಡಿಗ್ರಿ ನೀರಿನಲ್ಲಿ, 30ರಿಂದ 100 ಗ್ರಾಂ ತೂಕದ ಮರಿಗಳಿಗೆ ದಿನಕ್ಕೆ ಮೈತೂಕದ 2 ಪರ್ಸೆಂಟ್ ಆಸುಪಾಸು ಸಾಕು ಅನ್ನುವುದು ಅಲ್ಲಿಂದ ಬಂದ ತಿಳಿವಳಿಕೆ. ಬೆಳೆಯುವ ಮರಿಗೆ ಫೀಡಿನಲ್ಲಿ ಸುಮಾರು 40 ಪರ್ಸೆಂಟ್ ಪ್ರೋಟೀನ್ ಬೇಕು ಅನ್ನುವುದೂ ಅಲ್ಲಿನದೇ. ಮೀನು ದೊಡ್ಡದಾದಂತೆ ಪರ್ಸೆಂಟ್ ಇಳಿಯುತ್ತದೆ. ಹಲವು ಕಿಲೋ ತೂಗುವ ಮೀನಿಗೆ 1 ಪರ್ಸೆಂಟ್‌ಗಿಂತ ಕಡಿಮೆ ಸಾಕಾಗುತ್ತದೆ.

ಇದರಲ್ಲಿ ಸುಲಭವಾಗಿ ಜಾರುವ ಒಂದು ಹೆಜ್ಜೆ ಇದೆ. ಮೊದಲ ದಿನ 100 ಕಿಲೋಗೆ 2 ಕಿಲೋ ಅಂತ ಲೆಕ್ಕ ಹಾಕಿದಿರಿ. ಎರಡು ವಾರ ತೂಕ ನೋಡದೆ ಅದೇ 2 ಕಿಲೋ ಮುಂದುವರಿಸಿದಿರಿ. ದಿನಕ್ಕೆ 1.6 ಕಿಲೋ ಬೆಳೆದರೆ ಈಗ ತೊಟ್ಟಿಯಲ್ಲಿ 122 ಕಿಲೋ ಮೀನಿದೆ. ನಿಮ್ಮ 2 ಪರ್ಸೆಂಟ್ ಗೊತ್ತಾಗದ ಹಾಗೆ 1.6 ಆಗಿಬಿಟ್ಟಿದೆ. ಮೀನು ಸತ್ತು ತೂಕ ಇಳಿದಿದ್ದರೆ ಉಲ್ಟಾ, ಗೊತ್ತಿಲ್ಲದೆ ಜಾಸ್ತಿ ಹಾಕುತ್ತಿರುತ್ತೀರಿ. ಹಾಗಾಗಿ ದರದ ಪಟ್ಟಿಗಿಂತ ತಕ್ಕಡಿ ಮುಖ್ಯ.

ಜಾಸ್ತಿ ಆಹಾರ ಒಳಗೆ ಹೋದಾಗ ಜೀರ್ಣಕ್ಕೆ ಏನಾಗುತ್ತದೆ? ಹಿಂದಿನಿಂದ ಹೊಸ ಆಹಾರ ತಳ್ಳುತ್ತಾ ಬಂದರೆ ಮುಂದಿನದು ಬೇಗ ಸರಿಯುತ್ತದೆ. ಕಿಣ್ವಕ್ಕೆ ಸಿಗುವ ಹೊತ್ತು ಕಡಿಮೆಯಾಗುತ್ತದೆ. ಸುರುಳಿ ಕರುಳಿನ ಅನುಕೂಲವೇ ನಿಧಾನ ತಾನೇ? ಆ ನಿಧಾನ ಕೈತಪ್ಪುತ್ತದೆ. ಅರಗುವ ಪಾಲು ಇಳಿಯುತ್ತದೆ, ಮಲ ಜಾಸ್ತಿಯಾಗುತ್ತದೆ.

ಇದನ್ನು ಅಳೆಯುವ ಕ್ರಮ ಜಾಣತನದ್ದು. ಫೀಡಿನಲ್ಲಿ ಅರಗದ ಒಂದು ಪುಡಿ ಬೆರೆಸುತ್ತಾರೆ, ಕ್ರೋಮಿಯಂ ಆಕ್ಸೈಡ್ ಅಥವಾ ಯಿಟ್ರಿಯಂ ಆಕ್ಸೈಡ್. ಮೀನು ಉಳಿದದ್ದನ್ನು ಹೀರಿಕೊಂಡಂತೆ ಆ ಪುಡಿಯ ಪಾಲು ಏರುತ್ತದೆ. ಫೀಡಿನಲ್ಲಿ 0.5 ಪರ್ಸೆಂಟ್ ಇದ್ದದ್ದು ಮಲದಲ್ಲಿ 2 ಪರ್ಸೆಂಟ್ ಆಗಿದ್ದರೆ, ತಿಂದದ್ದರಲ್ಲಿ ಮುಕ್ಕಾಲು ಭಾಗ ಅರಗಿದೆ ಅಂತ ಅರ್ಥ. ಕಷ್ಟ ಇರುವುದು ಮಲ ಸಂಗ್ರಹಿಸುವುದರಲ್ಲಿ. ನೀರಿಗೆ ಬಿದ್ದ ಕೂಡಲೇ ಅದು ಒಡೆದು ಕರಗುತ್ತದೆ, ಲೆಕ್ಕ ಏರುಪೇರಾಗುತ್ತದೆ. ಅದಕ್ಕೇ ಕೆಲವರು ಸುರುಳಿ ಕರುಳಿನಿಂದಲೇ ನೇರ ಮಾದರಿ ತೆಗೆಯುತ್ತಾರೆ. ಸ್ಟರ್ಜನ್ ಮೇಲಿನ ಯಾವುದೇ ಜೀರ್ಣದ ಅಂಕಿ ಓದುವಾಗ ಮಲ ಹೇಗೆ ಹಿಡಿದರು ಅನ್ನುವುದನ್ನು ಮೊದಲು ನೋಡಿ.

ಆದರೆ ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆ. ದರ ಏರಿಸಿದ ಕೂಡಲೇ ಜೀರ್ಣ ಕುಸಿದುಬಿಡುತ್ತದೆ ಅಂತ ತಿಳಿಯಬೇಡಿ. ಮೀನುಗಳ ಮೇಲಿನ ಪ್ರಯೋಗಗಳಲ್ಲಿ ಈ ಇಳಿಕೆ ಎಷ್ಟೋ ಸಲ ಸಣ್ಣದಾಗಿಯೇ ಕಾಣುತ್ತದೆ. ದೊಡ್ಡ ಸೋರಿಕೆ ಬೇರೆ ಕಡೆ ಇದೆ. ತಿನ್ನದೇ ಉಳಿದ ಪೆಲೆಟ್ ಒಂದು. ಅರಗಿದ ಮೇಲೆ ಶಾಖವಾಗಿ ಹೋಗುವ ಶಕ್ತಿ ಇನ್ನೊಂದು. ತಿಂದ ಮೇಲೆ ಮೀನಿನ ಆಮ್ಲಜನಕದ ಬಳಕೆ ಏರಿ, ಗಂಟೆಗಟ್ಟಲೆ ಹಾಗೇ ಇರುತ್ತದೆ. ಪ್ರೋಟೀನ್ ಒಡೆದು ಹೊಸ ಅಂಗಾಂಶ ಕಟ್ಟುವ ಕೆಲಸಕ್ಕೆ ಕೊಡುವ ಬೆಲೆ ಅದು. ಮೂರನೆಯದು ಕೊಬ್ಬು.

ಕೊಬ್ಬಿನ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ತಕ್ಕಡಿ ಇಲ್ಲಿ ನಮ್ಮ ಕಣ್ಣು ತಪ್ಪಿಸುತ್ತದೆ. ಆಹಾರದ ದರ ಏರಿಸಿದರೆ ವೈಟ್ ಸ್ಟರ್ಜನ್ ಮೈಯಲ್ಲಿ ನೀರಿನ ಪಾಲು ಇಳಿದು ಕೊಬ್ಬಿನ ಪಾಲು ಏರುತ್ತದೆ. ಮೈತೂಕಕ್ಕೆ ಹೋಲಿಸಿದರೆ ಯಕೃತ್ತು ದೊಡ್ಡದಾಗುತ್ತದೆ. ಯಕೃತ್ತಿನ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಜೀವಕೋಶಗಳ ತುಂಬ ಖಾಲಿ ಗುಳ್ಳೆಗಳ ಹಾಗೆ ಕಾಣುತ್ತದೆ. ಕೊಬ್ಬು ಮತ್ತು ಗ್ಲೈಕೋಜನ್ ತುಂಬಿದ್ದ ಜಾಗ ಅದು. ಮೀನು ಉಬ್ಬಿ ಚೆನ್ನಾಗಿಯೇ ಕಾಣುತ್ತದೆ. ಒಳಗೆ ಯಕೃತ್ತು ಹೊರೆ ಹೊತ್ತಿರುತ್ತದೆ.

ಪಿಷ್ಟದ್ದೂ ಇದೇ ಕತೆ. ಫೀಡ್ ಅಗ್ಗವಾಗಲಿ ಅಂತ ಪಿಷ್ಟ ಜಾಸ್ತಿ ಹಾಕುವುದುಂಟು. ಡೇವಿಸ್ ಪ್ರಯೋಗಗಳಲ್ಲಿ ವೈಟ್ ಸ್ಟರ್ಜನ್ ಗ್ಲೂಕೋಸ್, ಮಾಲ್ಟೋಸ್ ಎರಡನ್ನೂ ಚೆನ್ನಾಗಿ ಬಳಸಿಕೊಂಡಿತು. ಫ್ರಕ್ಟೋಸ್, ಲ್ಯಾಕ್ಟೋಸ್ ಪ್ರಯೋಜನಕ್ಕೆ ಬರಲಿಲ್ಲ. ಹಸಿ ಪಿಷ್ಟ ಅಷ್ಟಕ್ಕಷ್ಟೆ, ಬೇಯಿಸಿದರೆ ಮೇಲು. ಸಕ್ಕರೆಯನ್ನು ಮೀನು ನಿಭಾಯಿಸುತ್ತದೋ ಇಲ್ಲವೋ ಅನ್ನುವುದು ಕೊಡುವ ರೀತಿಯ ಮೇಲೂ ನಿಂತಿದೆ. ಒಂದೇ ಸಲ ದೊಡ್ಡ ಪ್ರಮಾಣ ಕೊಟ್ಟರೆ ರಕ್ತದ ಗ್ಲೂಕೋಸ್ ಏರಿ ಬಹಳ ಹೊತ್ತು ಇಳಿಯುವುದೇ ಇಲ್ಲ. ಅದನ್ನೇ ದಿನವಿಡೀ ಸ್ವಲ್ಪ ಸ್ವಲ್ಪ ಕೊಟ್ಟರೆ ಚೆನ್ನಾಗಿ ಬಳಕೆಯಾಗುತ್ತದೆ. ದಿನದ ಮೊತ್ತ ಅದೇ, ಫೀಡ್ ಅದೇ, ಹಂಚಿಕೆ ಮಾತ್ರ ಬೇರೆ. ದರ ಅನ್ನುವಾಗ ನಾವು ಪರ್ಸೆಂಟ್ ಮಾತ್ರ ಹೇಳುತ್ತೇವೆ, ಎಷ್ಟು ಸಲ ಅನ್ನುವುದನ್ನು ಬಿಟ್ಟುಬಿಡುತ್ತೇವೆ. ನನ್ನ ಪ್ರಕಾರ ಸ್ಟರ್ಜನ್ ವಿಷಯದಲ್ಲಿ ಇವೆರಡನ್ನೂ ಬೇರೆ ಮಾಡಿ ಬರೆಯಲೇಬಾರದು. ಮರಿಗಳಿಗೆ ಹಗಲೂ ರಾತ್ರಿ ಫೀಡನ್ನು ಸ್ವಲ್ಪ ಸ್ವಲ್ಪವಾಗಿ ಬೀಳಿಸುವ ಬೆಲ್ಟ್ ಫೀಡರ್ ಯಂತ್ರ ಇಡುವುದು ಇದೇ ಕಾರಣಕ್ಕೆ.

ಮರಿ ಅಂದೆ. ಆಹಾರದ ದರ ಬದುಕು ಸಾವಿನ ಪ್ರಶ್ನೆಯಾಗುವುದು ಅಲ್ಲಿ. ಮೊಟ್ಟೆಯೊಡೆದ ಮರಿ ಮೊದಲ ಕೆಲವು ದಿನ ತನ್ನ ಹೊಟ್ಟೆಯ ಹಳದಿ ಚೀಲದ ಮೇಲೆ ಬದುಕುತ್ತದೆ. ಆಗ ಅದರ ಸುರುಳಿ ಕರುಳಿನಲ್ಲಿ ಒಂದು ಕಪ್ಪು ಬಿರಡೆ ಇರುತ್ತದೆ. ಮೆಲನಿನ್ ಬಣ್ಣದ್ದು. ಮರಿಯ ಮೈ ಪಾರದರ್ಶಕ, ಹಾಗಾಗಿ ಹೊರಗಿನಿಂದಲೇ ಕಾಣುತ್ತದೆ. ಕರುಳು ಕೆಲಸಕ್ಕೆ ಸಿದ್ಧವಾದಾಗ ಮರಿ ಆ ಬಿರಡೆಯನ್ನು ಹೊರಗೆ ಹಾಕುತ್ತದೆ. ಯಾವಾಗ ಅನ್ನುವುದು ನೀರಿನ ಬಿಸಿಯ ಮೇಲೆ ನಿಂತಿದೆ, ಸಾಮಾನ್ಯವಾಗಿ ಒಂಬತ್ತರಿಂದ ಹದಿನಾಲ್ಕು ದಿನದ ಹೊತ್ತಿಗೆ. ತೊಟ್ಟಿಯ ತಳದಲ್ಲಿ ಕಪ್ಪು ಚುಕ್ಕೆಗಳು ಕಂಡರೆ ಊಟದ ಹೊತ್ತು ಬಂತು ಅಂತ ತಿಳಿಯಬೇಕು. ಕ್ಯಾಲೆಂಡರ್ ಹೇಳುವುದಕ್ಕಿಂತ ಆ ಚುಕ್ಕೆ ಹೇಳುವುದು ಸರಿ.

ಒಂದು ಅನುಕೂಲ ಏನೆಂದರೆ, ಎಷ್ಟೋ ಸಮುದ್ರ ಮೀನಿನ ಮರಿಗಳಿಗೆ ಆ ವಯಸ್ಸಿನಲ್ಲಿ ಜಠರವೇ ಇರುವುದಿಲ್ಲ. ಸ್ಟರ್ಜನ್ ಮರಿಗೆ ಮೊದಲ ತುತ್ತಿನ ಹೊತ್ತಿಗೇ ಕೆಲಸ ಮಾಡುವ ಜಠರ ಇರುತ್ತದೆ. ಹಾಗಾಗಿ ಆರ್ಟೀಮಿಯಾ ಎಂಬ ಸಣ್ಣ ಜೀವಂತ ಸಿಗಡಿಯಂಥ ಜೀವಿಯ ಜೊತೆಗೆ, ಕೆಲವು ಜಾತಿಗಳಲ್ಲಿ ಅದಿಲ್ಲದೆಯೂ, ಒಣ ಫೀಡ್ ಶುರು ಮಾಡಬಹುದು.

ಇಲ್ಲಿ ದರ ಕೇಳಿದರೆ ದೊಡ್ಡ ಮೀನು ಸಾಕುವವರು ಬೆಚ್ಚುತ್ತಾರೆ. ವೈಟ್ ಸ್ಟರ್ಜನ್ ಮರಿಗಳ ಮೇಲಿನ ಪ್ರಯೋಗದಲ್ಲಿ, ತಿನ್ನಲು ಶುರು ಮಾಡಿದ ಮೊದಲ ವಾರ ಸೂಕ್ತ ದರ ದಿನಕ್ಕೆ ಮೈತೂಕದ ಕಾಲು ಭಾಗದಷ್ಟು ಬಂತು. ಎರಡನೇ ವಾರ ಅದರ ಅರ್ಧ. ನಾಲ್ಕನೇ ವಾರಕ್ಕೆ ಸುಮಾರು 6 ಪರ್ಸೆಂಟ್. ಒಂದೇ ತಿಂಗಳಲ್ಲಿ ದರ ನಾಲ್ಕು ಪಟ್ಟು ಇಳಿಯಿತು. ಇಂಥ ಹೊತ್ತಲ್ಲಿ ವಾರವಿಡೀ ಒಂದೇ ದರ ಹಿಡಿದು ಕೂತರೆ ವಾರದ ಮೊದಲು ಕಡಿಮೆ, ಕೊನೆಗೆ ಜಾಸ್ತಿ ಆಗುತ್ತದೆ. ಕಡಿಮೆಯಾದರೆ ಮರಿಗಳು ಒಂದರ ಬಾಲ, ರೆಕ್ಕೆ ಇನ್ನೊಂದು ಕಚ್ಚುತ್ತವೆ. ಕಚ್ಚಿದ ಗಾಯಕ್ಕೆ ಶಿಲೀಂಧ್ರ ಹಿಡಿಯುತ್ತದೆ. ಬಲವಾದವು ತಿಂದು ಇನ್ನೂ ಬಲಿಯುತ್ತವೆ, ಬಡವಾದವು ಹಿಂದೆ ಬೀಳುತ್ತವೆ, ಗಾತ್ರದ ಅಂತರ ದಿನದಿನಕ್ಕೂ ಹೆಚ್ಚುತ್ತದೆ. ಜಾಸ್ತಿಯಾದರೆ ತಳದಲ್ಲಿ ಫೀಡ್ ಕೊಳೆತು, ಆ ಕೊಳಕಿನ ಮೇಲೇ ಮರಿ ಹೊಟ್ಟೆಯೂರಿ ಮಲಗುತ್ತದೆ. ಮರಿಗಳ ಹಂತದಲ್ಲಿ ನಾನು ಸ್ವಲ್ಪ ಜಾಸ್ತಿಯ ಕಡೆಗೇ ವಾಲುತ್ತೇನೆ, ಆದರೆ ದಿನಕ್ಕೆ ಹಲವು ಸಲ ತೊಟ್ಟಿ ಗುಡಿಸಲು ಆಳು ಇದ್ದರೆ ಮಾತ್ರ.

ನೀರಿನ ಬಿಸಿ ಬಗ್ಗೆ ಕೆಲವೇ ಮಾತು. ಸಾಕುವ ಬಹುತೇಕ ಸ್ಟರ್ಜನ್‌ಗಳು 18ರಿಂದ 22 ಡಿಗ್ರಿ ಸುತ್ತಮುತ್ತ ಚೆನ್ನಾಗಿ ತಿಂದು ಬೆಳೆಯುತ್ತವೆ. ನೀರು ತಣ್ಣಗಾದರೆ ಕಿಣ್ವವೂ ನಿಧಾನ, ಕರುಳು ಖಾಲಿಯಾಗುವುದೂ ನಿಧಾನ, ದರ ಇಳಿಸಬೇಕು. 25 ದಾಟಿ ಮೇಲೆ ಹೋದರೆ ನೀರಿನಲ್ಲಿ ಆಮ್ಲಜನಕ ಕಡಿಮೆ, ಮೀನಿಗೆ ಬೇಕಾದದ್ದು ಜಾಸ್ತಿ, ಆಗಲೂ ಇಳಿಸಬೇಕು. ಎರಡೂ ತುದಿಯಲ್ಲಿ ಕಾರಣ ಬೇರೆ, ಮಾಡಬೇಕಾದದ್ದು ಒಂದೇ.

ಇನ್ನು ನೀರಿಗೆ ಬೀಳುವ ಹೊರೆ. ನಾವು ಹಾಕಿದ ಆ ಹೆಚ್ಚಿನ ಒಂದು ಕಿಲೋ ಫೀಡಿಗೆ ಮತ್ತೆ ಬರೋಣ. ಮರುಬಳಕೆ ನೀರಿನ ವ್ಯವಸ್ಥೆ ಕಟ್ಟುವ ಎಂಜಿನಿಯರ್‌ಗಳು ಒಂದು ಸೂತ್ರ ಬಳಸುತ್ತಾರೆ. ಫೀಡಿನ ತೂಕವನ್ನು ಪ್ರೋಟೀನ್ ಪಾಲಿನಿಂದ ಗುಣಿಸಿ, ಅದನ್ನು 0.092ರಿಂದ ಗುಣಿಸಿದರೆ ಅಮೋನಿಯಾ ಸಾರಜನಕದ ಅಂದಾಜು ಸಿಗುತ್ತದೆ. 40 ಪರ್ಸೆಂಟ್ ಪ್ರೋಟೀನ್ ಇರುವ ಒಂದು ಕಿಲೋ ಫೀಡಿಗೆ ಸುಮಾರು 37 ಗ್ರಾಂ. ಕೇಳಲು ಸಣ್ಣದು. ಆದರೆ ಫಿಲ್ಟರ್ ಇಲ್ಲದಿದ್ದರೆ 37,000 ಲೀಟರ್ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಏರಿಸಲು ಅಷ್ಟು ಸಾಕು. ಅದೇ ಒಂದು ಕಿಲೋ ಫೀಡ್ ಅರಗಿಸಿಕೊಳ್ಳಲು ಮೀನಿಗೆ 300ರಿಂದ 500 ಗ್ರಾಂ ಆಮ್ಲಜನಕ ಬೇಕು. ಬ್ಯಾಕ್ಟೀರಿಯಾಗಳ ಪಾಲು ಬೇರೆ. ಆಮ್ಲಜನಕ ಲೀಟರಿಗೆ 5 ಮಿಲಿಗ್ರಾಂಗಿಂತ ಕೆಳಗೆ ಇಳಿದರೆ ಸ್ಟರ್ಜನ್ ತಿನ್ನುವುದನ್ನು ಕಡಿಮೆ ಮಾಡುತ್ತದೆ. ಆಗ ಅದೇ ದರ ಮುಂದುವರಿಸಿದರೆ ತಿನ್ನದ ಫೀಡ್ ಇನ್ನೂ ಆಮ್ಲಜನಕ ತಿನ್ನುತ್ತದೆ. ತೊಟ್ಟಿ ಹದಗೆಡುವುದು ಹೆಚ್ಚಾಗಿ ಹೀಗೆ, ಒಂದೇ ರಾತ್ರಿಯಲ್ಲಿ.

ದೊಡ್ಡ ಹೆಣ್ಣು ಮೀನಿನ ಬಗ್ಗೆ ಹೇಳದೆ ಮುಗಿಸಿದರೆ ಕ್ಯಾವಿಯಾರ್ ಸಾಕಣೆಯವರಿಗೆ ಅನ್ಯಾಯ ಮಾಡಿದ ಹಾಗೆ. ವರ್ಷಗಟ್ಟಲೆ ಕೊಬ್ಬಿನ ಫೀಡನ್ನು ಧಾರಾಳವಾಗಿ ತಿಂದ ಹೆಣ್ಣಿನ ಅಂಡಾಶಯ ತೆರೆದರೆ ಮೊಟ್ಟೆಗಳ ನಡುವೆ ಹಳದಿ ಕೊಬ್ಬು ಗಡ್ಡೆಗಟ್ಟಿ ಕೂತಿರುತ್ತದೆ. ಮೊಟ್ಟೆಯನ್ನು ಅದರಿಂದ ಬಿಡಿಸುವುದು ಕಷ್ಟ. ಜರಡಿಯ ಮೇಲೆ ಉಜ್ಜಿದಾಗ ಮೊಟ್ಟೆ ಒಡೆಯುತ್ತದೆ, ಕೈಗೆ ಸಿಗುವ ಕ್ಯಾವಿಯಾರ್ ಕಡಿಮೆಯಾಗುತ್ತದೆ. ಆದರೆ ಹೊಟ್ಟೆಗೆ ತೀರಾ ಕಡಿಮೆ ಕೊಟ್ಟರೆ ಮೊಟ್ಟೆ ಬಲಿಯುವುದೇ ಮುಂದೆ ಹೋಗುತ್ತದೆ. ಮೊಟ್ಟೆಯೊಳಗೆ ತುಂಬಬೇಕಾದ ಪ್ರೋಟೀನ್, ಕೊಬ್ಬು ಎಲ್ಲವೂ ತಾಯಿಯ ಯಕೃತ್ತಿನಿಂದ ಬರಬೇಕು ಅಲ್ವಾ? ಮೊದಲ ವರ್ಷಗಳಲ್ಲಿ ಚೆನ್ನಾಗಿ ಬೆಳೆಸಿ, ಲಿಂಗ ಗೊತ್ತಾದ ಮೇಲೆ ಹೆಣ್ಣುಗಳನ್ನು ಬೇರೆ ಮಾಡಿ, ಹಿಡಿತದಲ್ಲಿ ಆಹಾರ ಕೊಡುವುದು ನನಗೆ ಸರಿ ಕಾಣುವ ದಾರಿ. ಲಿಂಗ ತಿಳಿಯಲು ಅಲ್ಟ್ರಾಸೌಂಡ್ ಈಗ ಸಾಮಾನ್ಯ ಸಲಕರಣೆ. ಅದೇ ಯಂತ್ರದಲ್ಲಿ ಅಂಡಾಶಯದ ಕೊಬ್ಬನ್ನೂ ಗಮನಿಸಬಹುದು. ದರ ಇಳಿಸಬೇಕೋ ಬೇಡವೋ ಅನ್ನುವುದಕ್ಕೆ ಅದು ಒಳ್ಳೆಯ ಸಾಕ್ಷಿ.

ಇಷ್ಟು ಹೇಳಿದ ಮೇಲೆ ಪ್ರಶ್ನೆಗಳಿಗೆ ಅವಕಾಶ ಕೊಟ್ಟೆ.

ಮೀನು ಮೇಲೆ ಬರುವುದಿಲ್ಲ, ಹಸಿವು ತೋರಿಸುವುದಿಲ್ಲ, ಹಾಗಾದರೆ ಸಾಕಾಯಿತು ಅಂತ ತಿಳಿಯುವುದು ಹೇಗೆ ಅಂತ ಒಬ್ಬರು ಕೇಳಿದರು. ತಳವನ್ನು ನೋಡಿ. ಫೀಡ್ ಹಾಕಿ ಅರ್ಧ ಗಂಟೆ ಬಿಟ್ಟು ತಳದಲ್ಲಿ ಅಥವಾ ಹೊರಹರಿವಿನ ಬಲೆಯಲ್ಲಿ ಎಷ್ಟು ಪೆಲೆಟ್ ಉಳಿದಿದೆ ಅಂತ ಎಣಿಸಿ. ಪ್ರತಿದಿನ ಒಂದೇ ಹೊತ್ತಿಗೆ, ಒಬ್ಬರೇ ನೋಡಬೇಕು. ಒಂದೂ ಉಳಿಯದಿದ್ದರೆ ಸ್ವಲ್ಪ ಏರಿಸಿ. ಎರಡು ದಿನ ಸತತವಾಗಿ ಉಳಿದರೆ ಇಳಿಸಿ, ಮೊದಲು ಆಮ್ಲಜನಕ ಪರೀಕ್ಷಿಸಿ. ಮಲದ ರೂಪವೂ ಹೇಳುತ್ತದೆ. ಗಟ್ಟಿ ಎಳೆಯಾಗಿ ಬಂದರೆ ಸರಿ. ನೀರಾಗಿ, ಮೋಡದ ಹಾಗೆ ಹರಡಿದರೆ ಕರುಳಿಗೆ ಹೊರೆಯಾಗಿದೆ ಅಥವಾ ಫೀಡ್ ಹೊಂದುತ್ತಿಲ್ಲ.

ಕೆಲವು ದಿನ ಉಪವಾಸ ಹಾಕಿ ಆಮೇಲೆ ಹೊಟ್ಟೆ ತುಂಬ ಕೊಟ್ಟರೆ ಮೀನು ವೇಗವಾಗಿ ಬೆಳೆಯುತ್ತದಂತೆ, ಫೀಡ್ ಉಳಿಸಬಹುದಾ ಅಂತ ಇನ್ನೊಬ್ಬರ ಪ್ರಶ್ನೆ. ಸ್ವಲ್ಪ ದಿನದ ಉಪವಾಸದ ನಂತರ ಮೀನು ಜಾಸ್ತಿ ತಿಂದು ಕಳೆದುಕೊಂಡದ್ದನ್ನು ಒಂದಷ್ಟು ತುಂಬಿಕೊಳ್ಳುವುದು ನಿಜ. ಆದರೆ ಉಪವಾಸ ಉದ್ದವಾದರೆ ಕರುಳಿನ ಒಳಪದರದ ಮಡಿಕೆಗಳು ತೆಳ್ಳಗಾಗುತ್ತವೆ, ಕಿಣ್ವಗಳು ಇಳಿಯುತ್ತವೆ. ಅಂಥ ಕರುಳಿಗೆ ಮೊದಲ ದಿನವೇ ಪೂರ್ತಿ ದರ ಹಾಕಿದರೆ ಅರಗುವುದಿಲ್ಲ. ಕೆಲವು ದಿನ ಹಿಡಿದು ಏರಿಸಬೇಕು. ಫೀಡ್ ಉಳಿಸುವ ಉಪಾಯ ಅಂತ ನಾನು ಇದನ್ನು ಹೇಳುವುದಿಲ್ಲ. ನೀರು ಕೆಟ್ಟಾಗ, ಕಾಯಿಲೆ ಬಂದಾಗ ಕೆಲವು ದಿನ ಆಹಾರ ನಿಲ್ಲಿಸಲು ಹೆದರಬೇಡಿ ಅಂತ ಮಾತ್ರ ಹೇಳುತ್ತೇನೆ. ಸ್ಟರ್ಜನ್ ಹಸಿವು ತಡೆಯುವ ಮೀನು.

ಕೊನೆಯ ಪ್ರಶ್ನೆ ಒಬ್ಬ ವಿದ್ಯಾರ್ಥಿನಿಯದು. ತೂಕ ನೋಡಲು ಮೀನು ಹಿಡಿಯುವ ದಿನ ಫೀಡ್ ಹಾಕಬೇಕಾ? ಹಾಕಬೇಡಿ. ಹಿಂದಿನ ದಿನವೇ ನಿಲ್ಲಿಸಿ. ನೀರು ತಣ್ಣಗಿದ್ದರೆ ಎರಡು ದಿನ ಮೊದಲೇ ನಿಲ್ಲಿಸಿ, ಕರುಳು ಖಾಲಿಯಾಗಲು ಅಷ್ಟು ಹೊತ್ತು ಬೇಕು. ಹೊಟ್ಟೆ ತುಂಬಿದ ಮೀನನ್ನು ಬಲೆಯಲ್ಲಿ ಎತ್ತಿದರೆ ಅದಕ್ಕೂ ಹಿಂಸೆ, ತೂಕದಲ್ಲಿ ಫೀಡಿನ ತೂಕವೂ ಸೇರಿಬಿಡುತ್ತದೆ. ಆ ತಪ್ಪು ತೂಕದ ಮೇಲೆ ಮುಂದಿನ ಎರಡು ವಾರದ ದರ ಲೆಕ್ಕ ಹಾಕಿದರೆ, ದಿನವೂ ಅಷ್ಟಷ್ಟು ಜಾಸ್ತಿ ಹಾಕುತ್ತಾ ಹೋಗುತ್ತೀರಿ.